ಕಾದ ಮ್ಯಾಲ ಹಿಡಿಯೋ ಬ್ರೇಕು

ಜಮಖಂಡಿಯ ನಮ್ಮ ಅಳಿಯ ಕಾರಿಗೆ ದೊಡ್ಡ ಡಿಸ್ಕು, ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಹಾಕಿಸಿದ. ಕ್ಯಾಲಿಪರಿಗೆ ಕುಂಕುಮದಂಥ ಕೆಂಪು ಬಣ್ಣ ಬೇರೆ! ಅಷ್ಟಕ್ಕೇ ಬಿಟ್ಟಿದ್ದರೆ ಚಲೋ ಇತ್ತು. ರೇಸಿನ ಪ್ಯಾಡನ್ನೂ ತರಿಸಿದ.

ಮರುದಿನ ನಸುಕಿನಲ್ಲೇ ಮುಧೋಳಕ್ಕೆ ಹೊರಟೆವು. ಕಬ್ಬಿನ ಹಂಗಾಮು. ಮುಂದೆ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು. ಹಿಂದೆ ದೀಪವಿಲ್ಲ, ಹಾಡು ಮಾತ್ರ ಜೋರು. ಅಳಿಯ ಬ್ರೇಕ್ ಒತ್ತಿದ. ಕಾರು 'ಕಿರ್ರ್' ಎಂದಿತೇ ಹೊರತು ನಿಲ್ಲುವ ಮನಸ್ಸು ಮಾಡಲಿಲ್ಲ. ಕಬ್ಬಿನ ತುದಿ ಗಾಜಿಗೆ ಮುತ್ತಿಟ್ಟಾಗ ನಿಂತಿತು. ರನ್ನನ ಊರಿನ ದಾರಿಯಲ್ಲವೇ? ಅವನ ದುರ್ಯೋಧನ ನೀರೊಳಗೆ ಬೆವರಿದ, ನಾನು ಎಸಿಯೊಳಗೆ ಬೆವರಿದೆ.

ಮೆಕ್ಯಾನಿಕ್ ನಕ್ಕ. "ಕಾಕಾರ, ರೇಸಿನ ಪ್ಯಾಡ್ ಕಾದ ಮ್ಯಾಲ ಹಿಡಿತೈತ್ರಿ. ಅದು ಬಿಸಿ ಆಗೂದ್ರಾಗ ನಾವು ತಣ್ಣಗಾಗಿರ್ತೀವಿ! ಊರಾಗ ಓಡಾಡಾಕ ಸೆರಾಮಿಕ್ ಹಾಕ್ರಿ. ಧೂಳ ಕಡಿಮಿ, ಸಪ್ಪಳ ಕಡಿಮಿ. ಮಂದಿ ತುಂಬಕೊಂಡು ಬೀಳಗಿ ಕಡೆ ಓಡಸಾವ್ರಿಗೆ ಸೆಮಿ ಮೆಟಾಲಿಕ್. ಕಾವು ತಡಕೋತೈತಿ, ಖರೆ ಡಿಸ್ಕ್ ಸವಸತೈತಿ."

"ಇಷ್ಟ ದೊಡ್ಡ ಡಿಸ್ಕ್ ಹಾಕಿದ್ದು ದಂಡ ಏನೋ?"

"ಪದೇ ಪದೇ ಒತ್ತಿದ್ರೂ ಸುಸ್ತಾಗೂದಿಲ್ಲ, ಅಷ್ಟ ಲಾಭ. ಡಿಸ್ಕ್ ಗಾಲಿ ಹಿಡಿತೈತಿ, ನೆಲಾ ಹಿಡಿಯೂದು ಟೈರ್ರಿ. ಮೊದಲ ಅದನ್ನ ನೋಡ್ರಿ, ಬೋಳಾಗೈತಿ."

ಸೆರಾಮಿಕ್ ಬಂತು. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲೆಂದು ಬನಹಟ್ಟಿ ರಸ್ತೆಯಲ್ಲಿ ಹತ್ತು ಸಲ 50ರಿಂದ 10ಕ್ಕೆ ವೇಗ ಇಳಿಸಿ, ನಿಲ್ಲಿಸದೆ ಹೋಗಬೇಕಿತ್ತು. ಪ್ರತಿ ಸಲವೂ ಯಾರೋ ತಮಗಾಗಿಯೇ ನಿಲ್ಲುತ್ತಿದೆ ಎಂದು ಸೀರೆ ಗಂಟು ಹೊತ್ತು ಓಡಿ ಬರುವರು, ಬೈಯುವರು. ಕೊನೆಗೆ ಹತ್ತನೆಯವರನ್ನು ಹತ್ತಿಸಿಕೊಂಡೆವು.