ಬಾಕ್ಸ್ ಬಿಚ್ಚಿದೆ ಮಾರಾಯ್ರೆ

ಸೀತೂರು, ಕೊಪ್ಪ, ಬಾಳೆಹೊನ್ನೂರಿನ ಸುತ್ತಿನ ಯಾವ ಊರಿಗೆ ಹೋದರೂ ಅಂಥವನೊಬ್ಬ ಸಿಕ್ಕೇ ಸಿಗುತ್ತಾನೆ. ನಾಲ್ಕೈದು ಎಕರೆ ಅಡಿಕೆ ತೋಟ, ಒಂದಿಷ್ಟು ಕಾಫಿ, ಮೆಣಸು. ಹಿಂದೆ ದನ ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಈಗೊಂದು ಫೋರ್ ವೀಲ್ ಪಿಕಪ್. ಅದು ಎಂಎಂ 540 ಜೀಪಿನ ಹಿಂಭಾಗ ಕಡಿದು ಮಾಡಿಕೊಂಡದ್ದಿರಬಹುದು, ಹಳೆಯ ಸ್ಕಾರ್ಪಿಯೊ ಗೆಟ್‌ಅವೇ ಇರಬಹುದು. ಊರವರು ಆತನನ್ನು ಜೀಪಿನ ಹುಚ್ಚ ಅನ್ನುತ್ತಾರೆ. ಇದು ಆತನಿಗೆ ಮಾಡುವ ಅನ್ಯಾಯ. ಜೀಪಿನ ಹುಚ್ಚಿದ್ದವನು ಜೀಪು ಓಡಿಸುತ್ತಾನೆ. ಈತನ ಜೀವ ಇರುವುದು ಗೇರ್‌ಬಾಕ್ಸಿನ ಬೆನ್ನಿಗಂಟಿಕೊಂಡು ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನಲ್ಲಿ. ಅದರಲ್ಲೂ, ಇರುವುದನ್ನು ಇಳಿಸಿ ಇನ್ನೊಂದನ್ನು ಕೂರಿಸುವುದರಲ್ಲಿ. ದಾರಿ ಕೆಟ್ಟಿದೆ, ಅದಕ್ಕೇ ಈ ಬಾಕ್ಸ್ ಬದಲಿಸಬೇಕು ಎಂದು ಆತ ಹೇಳುವುದು ಬರೀ ನೆಪ ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಬೇಕಾದವರು ಪಂಚಾಂಗ ನೋಡಿದರೆ ಸಾಕು. ಮಳೆ ಹೊಳವಾದ ಮೇಲೆ ಅಡಿಕೆ ಕೊಯ್ಲು. ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಆಗ ಬಾಕ್ಸ್ ಭದ್ರವಾಗಿ ಗಾಡಿಯಲ್ಲೇ ಇರುತ್ತದೆ, ದಾರಿಯೂ ಒಣಗಿ ಧೂಳೇಳುತ್ತಿರುತ್ತದೆ, ಫೋರ್ ವೀಲ್ ಯಾರಿಗೂ ಬೇಡ. ಪುರುಸೊತ್ತು ಸಿಗುವುದು ಆಷಾಢದಲ್ಲಿ, ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮಳೆ ಬಿಡುವು ಕೊಡಲಿ ಎಂದು ಜಗುಲಿಯಲ್ಲಿ ಕೂತಿರುವಾಗ. ಬಾಕ್ಸ್ ಇಳಿಯುವುದು ಆಗಲೇ. ಕೆಂಪು ಮಣ್ಣಿನ ಏರು ಸಾಬೂನಿನಂತಾಗುವುದೂ ಆಗಲೇ. ಹೀಗಾಗಿ ಕೆಸರಿದ್ದಾಗ ಬಾಕ್ಸ್ ಇಲ್ಲ, ಬಾಕ್ಸ್ ಇದ್ದಾಗ ಕೆಸರಿಲ್ಲ. ಪಕ್ಕದ ಮನೆಯವರು ಕೊಡೆ ಹಿಡಿದು ಓಡಿಬಂದು, "ಗೊಬ್ಬರದ ಟೆಂಪೋ ಹೂತುಹೋಗಿದೆ, ನಿಮ್ಮ ಗಾಡಿ ತಂದು ಸ್ವಲ್ಪ ಎಳೀತೀರಾ?" ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ಬಾಕ್ಸ್ ಬಿಚ್ಚಿದೆ ಮಾರಾಯ್ರೆ." ಟೆಂಪೋವನ್ನು ಕಡೆಗೆ ಯಾರದೋ ಟ್ರ್ಯಾಕ್ಟರ್ ಎಳೆಯುತ್ತದೆ. ನಮ್ಮವನು ಅಲ್ಲಿಗೂ ಹೋಗಿ, ಹಗ್ಗ ಎಲ್ಲಿ ಕಟ್ಟಬೇಕೆಂದು ಹೇಳಿಕೊಟ್ಟು ಬರುತ್ತಾನೆ.

ಆತ ಕೆಲಸಕ್ಕೆ ಕೂತದ್ದನ್ನು ನೋಡಿದರೆ ನೆಪದ ಹಿಂದಿನ ನಿಜ ತಿಳಿಯುತ್ತದೆ. ಹಳೆಯ ಜೀಪಿನ ಬಾಕ್ಸಿಗೆ ಹದಿನೆಂಟನೇ ನಂಬರ್ ಅನ್ನುತ್ತಾರೆ. ಯುದ್ಧಕಾಲದ ವಿಲ್ಲಿಸ್ ಜೊತೆ ಬಂದ ವಂಶ ಅದು; ಮಹೀಂದ್ರಾದವರು 1947ರಲ್ಲಿ ಮುಂಬಯಿಯಲ್ಲಿ ಜೀಪು ಜೋಡಿಸಲು ತೊಡಗಿದ ಮೇಲೆ ನಮ್ಮ ಘಟ್ಟಕ್ಕೂ ಹತ್ತಿತು. ಲೋ ಹಾಕಿದರೆ ಎಳೆತ 2.46 ಪಟ್ಟು, ವೇಗ ಅಷ್ಟಕ್ಕಷ್ಟು ಕಮ್ಮಿ. ಅದರ ನಡುವಿನ ಗೇರಿನೊಳಗೆ ಸೂಜಿಯಂಥ ರೋಲರ್‌ಗಳು ಬಿಡಿಬಿಡಿಯಾಗಿ ಇರುತ್ತವೆ. ಅವನ್ನು ಡೀಸೆಲ್‌ನಲ್ಲಿ ತೊಳೆದು ಅಡಿಕೆ ಹಾಳೆಯ ಮೇಲೆ ಸಾಲಾಗಿ ಜೋಡಿಸಿ, ಗ್ರೀಸು ಮೆತ್ತಿ ಒಂದೊಂದಾಗಿ ಒಳಗೆ ಅಂಟಿಸಿ, ಉಸಿರು ಬಿಗಿಹಿಡಿದು ಶಾಫ್ಟ್ ತೂರಿಸುವಾಗ ಆತನ ಮುಖದಲ್ಲಿ ಮೂಡುವ ಶಾಂತಿ ಮಠದಲ್ಲೂ ಕಾಣಸಿಗುವುದು ಅಪರೂಪ. ಡೀಸೆಲ್ ತುಂಬಿದ ಬೋಗುಣಿ ಅಡುಗೆಮನೆಯದು ಎಂದು ಗೊತ್ತಾಗುವವರೆಗೂ ಆ ಶಾಂತಿ ಇರುತ್ತದೆ. ಗೆಟ್‌ಅವೇಯವನ ಸಂಕಟ ಬೇರೆ. ಅದರಲ್ಲಿ ಲಿವರ್ ಇಲ್ಲ. ನಾಬ್ ತಿರುಗಿಸಿದರೆ ಬಾಕ್ಸಿನ ಮೇಲಿನ ಮೋಟಾರ್ ಗೇರ್ ಹಾಕುತ್ತದೆ. "ಕೆಸರು ನೀರು ಹೊಕ್ಕು ಮೋಟಾರ್ ಕೈಕೊಟ್ಟರೆ?" ಎಂದು ಆತ ಲಿವರಿನ ಬಾಕ್ಸ್ ಹುಡುಕುತ್ತಾನೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್, ಬೆಂಗಳೂರಿನ ಜೆ.ಸಿ. ರಸ್ತೆ ಮುಗಿದು, ಹರಿಯಾಣದ ಡಬ್ವಾಲಿಯವರೆಗೆ ಫೋನು. ಪಾರ್ಸೆಲ್ಲಿನಲ್ಲಿ ಬಂದದ್ದರ ಶಾಫ್ಟಿನ ಹಲ್ಲು ಹೊಂದುವುದಿಲ್ಲ. ಹೊಂದಿದರೆ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಾಗುತ್ತದೆ. ಅದನ್ನೂ ಉದ್ದ ಮಾಡಿಸಿದರೆ ಲಿವರಿಗೆ ನೆಲದ ತಗಡು ಕೊರೆಯಬೇಕು, ಆಮೇಲೆ ಆ ತೂತಿನಿಂದಲೇ ಕೆಸರು ನೀರು ಒಳಗೆ ಚಿಮ್ಮುತ್ತದೆ.

ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುತ್ತದೆ, ಇಲ್ಲಿ ಫೋರ್ ವೀಲ್ ಶೋಕಿಯಲ್ಲ ಎಂದು ನೀವು ಆಕ್ಷೇಪಿಸಬಹುದು. ಒಪ್ಪಿದೆ. ಆದರೆ ವಾದ ಫೋರ್ ವೀಲ್ ಬೇಕೋ ಬೇಡವೋ ಎಂಬುದಲ್ಲ, ಇದ್ದ ಬಾಕ್ಸ್ ಸಾಲದೇ ಎಂಬುದು. ಅದೇ ಏರನ್ನು ಟೂ ವೀಲ್ ಜೀಪುಗಳು ಹಿಂದಿನ ಚಕ್ರಕ್ಕೆ ಚೈನು ಕಟ್ಟಿಕೊಂಡು ಹತ್ತಿಲ್ಲವೇ? ಕಡಿದಾದ ಕಡೆಗಳಿಗೆಲ್ಲ ಈಗ ಕಾಂಕ್ರೀಟು ಬೀಳುತ್ತಿದೆ. ಒಣ ಕಾಂಕ್ರೀಟಿನ ಮೇಲೆ ಫೋರ್ ವೀಲ್ ಹಾಕಿಕೊಂಡು ತಿರುಗಿದರೆ, ಮುಂದಿನ ಹಿಂದಿನ ಚಕ್ರಗಳ ಓಟ ಬೇರೆಬೇರೆಯಾಗಿ ಬಾಕ್ಸಿನೊಳಗೆ ಬಿಗಿತ ಕೂಡುತ್ತದೆ, ಗೇರು ಜಾಯಿಂಟು ಸವೆಯುತ್ತವೆ. ಇದು ನಮ್ಮವನಿಗೆ ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಹಾಕುತ್ತಾನೆ, ಸವೆದರೆ ತಾನೇ ಮುಂದಿನ ಆಷಾಢಕ್ಕೆ ಕೆಲಸ?

ಕಾನೂನಿನ ಮಾತೂ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿಯೂ ಆಗಿದೆ. ಆದರೆ ಅಗಲದ ಟೈರು, ಎತ್ತರದ ಬಂಪರು ದೂರದಿಂದಲೇ ಕಣ್ಣು ಕುಕ್ಕುವಂತೆ ಬಾಕ್ಸ್ ಕುಕ್ಕುವುದಿಲ್ಲ. ಅದನ್ನು ನೋಡಲು ಇನ್‌ಸ್ಪೆಕ್ಟರು ಕೆಸರಿನಲ್ಲಿ ಅಂಗಾತ ಮಲಗಬೇಕು. ಮಲಗಿದರೆ ನಮ್ಮವನೂ ಪಕ್ಕದಲ್ಲೇ ಮಲಗಿ, ಟಾರ್ಚು ಹಿಡಿದು, ಯಾವ ಬೋಲ್ಟು ಎಲ್ಲಿಂದ ತಂದದ್ದೆಂದು ಸಂತೋಷದಿಂದ ವಿವರಿಸಿಯಾನು.

ಉಳಿದದ್ದು ಮನೆಯವರ ಆಕ್ಷೇಪ: ಇದಕ್ಕೆಲ್ಲ ಸುರಿದ ದುಡ್ಡು ಸೇರಿಸಿದ್ದರೆ ಕಂಪನಿಯಿಂದಲೇ ಲಿವರ್, ಲೋ ಗೇರ್ ಎಲ್ಲ ಇರುವ ಹೊಸ ಥಾರ್ ಬರುತ್ತಿರಲಿಲ್ಲವೇ? ಲೆಕ್ಕ ತಪ್ಪಲ್ಲ. ಅಡಿಕೆಗೆ ರೇಟು ಬಂದ ವರ್ಷ ಕೆಲವರು ಕೊಂಡದ್ದೂ ಉಂಟು. ಕೊಂಡವರೆಲ್ಲ ಕೆಲವು ತಿಂಗಳು ಗಾಡಿಯನ್ನು ಸುಮ್ಮನೆ ಓಡಿಸಿಕೊಂಡು, ಯಾಕೋ ಮಂಕಾಗಿರುತ್ತಾರೆ. ಬಾಕ್ಸ್ ಮುಟ್ಟಿದರೆ ವಾರಂಟಿ ಹೋಗುತ್ತದೆ. ಅದು ಮುಗಿಯುವ ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ, ಅಡಿಕೆ ವ್ಯಾಪಾರಿ ಕೊಟ್ಟ ಅಡ್ವಾನ್ಸಿನ ಲೆಕ್ಕದ ಪಕ್ಕದಲ್ಲೇ ಗುರುತಾಗಿರುತ್ತದೆ.