ಎಲ್ಲಕ್ಕೂ ತಿರಸ್ಕಾರವೇ? ನಿಘಂಟುಕಾರರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಗ್ಲಿಷ್-ಕನ್ನಡ ನಿಘಂಟುಕಾರರಿಗೆ, ಅನುವಾದಕರಿಗೆ,



ಕಂಟೆಂಪ್ಟ್, ಡಿಸ್‌ಡೇನ್, ಸ್ಕಾರ್ನ್, ಡಿರಿಷನ್. ಈ ನಾಲ್ಕು ಪದಗಳಿಗೂ ನಮ್ಮ ಕೈಗೆ ಮೊದಲು ಸಿಗುವುದು ತಿರಸ್ಕಾರ. ಬ್ಯಾಂಕು ಸಾಲದ ಅರ್ಜಿ ಒಪ್ಪದಿದ್ದರೂ ಅದು ತಿರಸ್ಕಾರವೇ. ಇಷ್ಟೆಲ್ಲ ಹೊತ್ತ ಪದ ಸವೆದುಹೋಗಿದೆ.

ಡಿಸ್‌ಡೇನ್ ಪದದೊಳಗೆ 'ಯೋಗ್ಯ' ಎಂಬರ್ಥದ ಲ್ಯಾಟಿನ್ ಮೂಲವಿದೆ. ಎದುರಿಗಿರುವವರು ತನಗೆ ಸಾಟಿಯಲ್ಲ ಎಂಬ ಬಿಗುಮಾನ ಅದು. ಜೇನ್ ಆಸ್ಟೆನ್‌ಳ 'ಪ್ರೈಡ್ ಅಂಡ್ ಪ್ರೆಜುಡಿಸ್' (1813) ಕಾದಂಬರಿಯ ಡಾರ್ಸಿ, ಎಲಿಜಬೆತ್‌ಗೆ ಕೇಳಿಸುವಂತೆಯೇ, ತನ್ನನ್ನು ನೃತ್ಯಕ್ಕೆ ಎಬ್ಬಿಸುವಷ್ಟು ಚೆಲುವೆ ಅವಳಲ್ಲ ಎನ್ನುತ್ತಾನೆ. ನಮ್ಮ 'ತಾತ್ಸಾರ' ಇದಕ್ಕೆ ಒಪ್ಪುತ್ತದೆ. ಡಿರಿಷನ್‌ನ ಬೇರಿನಲ್ಲಿ ನಗೆಯಿದೆ. ನಾಲ್ವರೆದುರು ನಕ್ಕು ಮಾಡುವ ಅವಮಾನಕ್ಕೆ ಗೇಲಿ, ಅಪಹಾಸ್ಯ ಇವೆ. ಸ್ಕಾರ್ನ್‌ನಲ್ಲಿ ಸಿಟ್ಟಿನ ಕಾವಿದೆ, ಅದು ಬಾಯಿಂದ ಹೊರಬೀಳುತ್ತದೆ. ಹೀಯಾಳಿಕೆ, ಮೂದಲಿಕೆ ಅದಕ್ಕೆ ಹತ್ತಿರ. ಕಂಟೆಂಪ್ಟ್‌ಗೆ ಮಾತೇ ಬೇಕಿಲ್ಲ. ಎದುರಿನದು ಲೆಕ್ಕಕ್ಕಿಲ್ಲ ಎಂದು ಮನಸ್ಸು ತೀರ್ಮಾನಿಸಿದರೆ ಸಾಕು. ತಿರಸ್ಕಾರವನ್ನು ಇದೊಂದಕ್ಕೆ ಕಾದಿರಿಸೋಣ.

ಈ ಕಲಬೆರಕೆಯ ಪೆಟ್ಟು ಹೆಚ್ಚು ಬಿದ್ದಿರುವುದು ಕಾನೂನಿನಲ್ಲಿ. ಕಂಟೆಂಪ್ಟ್ ಆಫ್ ಕೋರ್ಟ್ ಎಂಬುದನ್ನು 'ನ್ಯಾಯಾಂಗ ನಿಂದನೆ' ಎನ್ನುತ್ತೇವೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಅದಕ್ಕೆ ಎರಡು ಬಗೆ. ನ್ಯಾಯಾಲಯದ ಘನತೆಗೆ ಕುಂದು ತರುವ ಮಾತು, ಬರಹ ಕ್ರಿಮಿನಲ್ ಬಗೆಗೆ ಸೇರುತ್ತವೆ. ಅಲ್ಲಿ ನಿಂದನೆ ಸಲ್ಲುತ್ತದೆ. ಕೋರ್ಟಿನ ಆದೇಶವನ್ನು ಬೇಕೆಂದೇ ಪಾಲಿಸದಿರುವುದು ಸಿವಿಲ್ ಬಗೆ. ಆದೇಶದ ಪ್ರತಿಯನ್ನು ಕಡತದೊಳಗಿಟ್ಟು ಸುಮ್ಮನೆ ಕುಳಿತ ಅಧಿಕಾರಿ ಯಾರನ್ನೂ ಬೈದಿರುವುದಿಲ್ಲ. ಆದರೂ ಅವನಿಗೆ 2,000 ರೂಪಾಯಿವರೆಗೆ ದಂಡ, ಅದು ಸಾಲದೆಂದು ಕೋರ್ಟಿಗೆ ಕಂಡರೆ 6 ತಿಂಗಳವರೆಗೆ ಸಿವಿಲ್ ಜೈಲುವಾಸ ಆಗಬಹುದು. 'ನಿಂದನೆ' ಎಂದು ಓದಿದವರು ಯಾರೋ ಕೋರ್ಟನ್ನು ಬೈದರು ಎಂದುಕೊಳ್ಳುತ್ತಾರೆ. ಕೇಸು ಗೆದ್ದೂ ಜಮೀನು ಕೈಗೆ ಬಾರದ ರೈತನಿಗೆ, ಈ ಕಾಯ್ದೆ ತನ್ನ ನೆರವಿಗೂ ಇದೆ ಎಂಬುದು ಆ ಪದದಿಂದ ಹೊಳೆಯುವುದೇ ಇಲ್ಲ.

ಆದ್ದರಿಂದ ನನ್ನ ಬಿನ್ನಹ ಇಷ್ಟೆ. ಒಂದು ಇಂಗ್ಲಿಷ್ ಪದದೆದುರು ಐದಾರು ಕನ್ನಡ ಪದಗಳನ್ನು ಸಾಲಾಗಿ ಜೋಡಿಸಿ ಬಿಡಬೇಡಿ. ಪ್ರತಿಯೊಂದಕ್ಕೂ ಬಳಕೆಯ ಒಂದು ವಾಕ್ಯ ಕೊಡಿ. ಸಿವಿಲ್ ಕಂಟೆಂಪ್ಟ್ ಎದುರು 'ನ್ಯಾಯಾಲಯದ ಆದೇಶ ಉಲ್ಲಂಘನೆ' ಎಂದು ಬರೆಯಿರಿ. ಪದಗಳು ಕನ್ನಡದಲ್ಲಿವೆ; ಅವುಗಳನ್ನು ಅವುಗಳ ಜಾಗದಲ್ಲಿ ಕೂರಿಸುವ ಕೆಲಸ ನಿಮ್ಮದು.

ಇಂತಿ,
ನಿಮ್ಮ ನಿಘಂಟಿನ ನಿತ್ಯದ ಓದುಗ