ಪ್ಲಾಸ್ಟಿಕ್ ಚೆಂಡು ಮಾರಿದ ಅಣ್ಣನವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಅಣ್ಣನವರೇ,

ಸಾಕುಪ್ರಾಣಿಗಳ ಅಂಗಡಿ ನಡೆಸುತ್ತಿರುವ ತಮಗೆ ನಮಸ್ಕಾರ. ಗಿನಿಪಿಗ್ ಜೋಡಿಯ ಜೊತೆಗೆ, "ಇದಿಲ್ದಿದ್ರೆ ಎಕ್ಸರ್‌ಸೈಜ್ ಆಗಲ್ಲ ಸಾರ್, ಬೊಜ್ಜು ಬರತ್ತೆ" ಎಂದು ಕಳಕಳಿಯಿಂದ ತಾವು ಕಟ್ಟಿಕೊಟ್ಟ ಪ್ಲಾಸ್ಟಿಕ್ ಚೆಂಡು ನಮ್ಮ ಮನೆಯಲ್ಲಿ ಬಹಳ ಉಪಯೋಗಕ್ಕೆ ಬಂದಿದೆ. ಸುತ್ತಲೂ ಗಾಳಿಗೆ ಕಿಂಡಿ ಇರುವುದರಿಂದ ಈರುಳ್ಳಿ ಕೊಳೆಯುವುದಿಲ್ಲ. ಮುಚ್ಚಳವೂ ಭದ್ರ. ಇಂಥದ್ದೇ ಚಿಕ್ಕದೊಂದಿದ್ದರೆ ಎತ್ತಿಡಿ, ಬೆಳ್ಳುಳ್ಳಿಗೆ ಬೇಕು.

ಗಿನಿಪಿಗ್‌ಗಳನ್ನು ಮಾತ್ರ ಅದರೊಳಗೆ ಹಾಕಲಿಲ್ಲ. ತಪ್ಪು ಚೆಂಡಿನದಲ್ಲ, ಅವುಗಳ ಬೆನ್ನಿನದು. ಹ್ಯಾಮ್‌ಸ್ಟರ್ ರಾತ್ರಿಯೆಲ್ಲ ಓಡುವ ಜಾತಿ; ಅದರ ಅಳತೆಗೆ ತಕ್ಕ ಚಕ್ರ ಕೊಟ್ಟರೆ ಖುಷಿಯಾಗಿ ತಿರುಗಿಸುತ್ತದೆ. ಗಿನಿಪಿಗ್‌ನ ಕಟ್ಟೇ ಬೇರೆ. ಬೆಳೆದದ್ದು ಒಂದು ಕಿಲೋದ ಆಸುಪಾಸು ತೂಗುತ್ತದೆ. ಮೈ ಉದ್ದ, ಕಾಲು ಗಿಡ್ಡ, ಹಿಂದಕ್ಕೆ ಬಾಗಲು ಒಪ್ಪದ ಬೆನ್ನುಮೂಳೆ. ಚಕ್ರವೋ ಚೆಂಡೋ, ಒಳಗೆ ಹೊಕ್ಕರೆ ಆ ಮೂಳೆ ಬಾಗಲೇಬೇಕು, ಬೆರಳು ಕಿಂಡಿಗೆ ಸಿಕ್ಕಲೇಬೇಕು. ಡಬ್ಬದ ಮೇಲೆ ಹ್ಯಾಮ್‌ಸ್ಟರ್, ಗಿನಿಪಿಗ್, ಮೊಲದ ಮರಿ ಮೂರಕ್ಕೂ ಸೈ ಎಂದು ಅಚ್ಚಾಗಿದೆ. ಇಂಥ ಸಮಾನತೆ ಸಂವಿಧಾನಕ್ಕೆ ಭೂಷಣ, ಬೆನ್ನುಮೂಳೆಗಲ್ಲ.

ತಾವು ಅನುಭವಸ್ಥರು, ಆದರೂ ಒಂದು ಮಾತು. ಈ ಪ್ರಾಣಿಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಅಲ್ಲಿನವರು ಇದನ್ನು 'ಕೂಯ್' ಎನ್ನುತ್ತಾರೆ. ಸಾಕತೊಡಗಿ ಸಾವಿರಾರು ವರ್ಷಗಳೇ ಆಗಿವೆ. ಹಳ್ಳಿಮನೆಗಳಲ್ಲಿ ಕೂಯ್‌ಗಳು ಅಡುಗೆಮನೆಯ ನೆಲದ ಮೇಲೆ, ಒಲೆಯ ಬಿಸಿ ತಾಗುವಲ್ಲಿ, ಗುಂಪಾಗಿ ಓಡಾಡಿಕೊಂಡು, ಎಸೆದ ಸೊಪ್ಪುಸಿಪ್ಪೆ ತಿಂದುಕೊಂಡು ಬೆಳೆಯುವುದು ಹಳೆಯ ರೂಢಿ. ಹಬ್ಬ ಬಂದಾಗ ಅದೇ ಒಲೆಯ ಮೇಲೆ ಏರುವುದೂ ಅಷ್ಟೇ ಹಳೆಯ ರೂಢಿ. ಪೆರುವಿನ ಕುಸ್ಕೊ ನಗರದ ಕ್ಯಾಥೆಡ್ರಲ್‌ನಲ್ಲಿ, 18ನೇ ಶತಮಾನದಲ್ಲಿ ಮಾರ್ಕೋಸ್ ಸಪಾಟ ಬಿಡಿಸಿದ ಯೇಸುವಿನ ಕೊನೆಯ ಭೋಜನದ ಚಿತ್ರವಿದೆ. ಮೇಜಿನ ನಡುವಿನ ತಟ್ಟೆಯಲ್ಲಿ ಕಾಲು ಮೇಲೆ ಮಾಡಿ ಬಿದ್ದಿರುವುದು ಕೂಯ್ ಎಂದೇ ಜನ ತೋರಿಸುತ್ತಾರೆ. ಅವರು ತಿನ್ನುವವರು, ನಿಜ. ಆದರೆ ಉಸಿರಿರುವ ತನಕ ಓಡಾಡಲು ನೆಲ ಕೊಟ್ಟರು. ನಾವು ಮುದ್ದು ಮಾಡುವವರು; ಚೆಂಡು ಕೊಡುತ್ತೇವೆ.

ಬೆಂಗಳೂರಿನಲ್ಲಿ ನೆಲ ಕೊಡುವುದೆಂದರೇನು ಎಂಬುದು ಅಂಗಡಿ ಬಾಡಿಗೆ ಕಟ್ಟುವ ತಮಗೆ ಹೇಳಬೇಕಾಗಿಲ್ಲ. ಎರಡು ಗಿನಿಪಿಗ್‌ಗಳ ಗೂಡಿಗೇ ಕಡಿಮೆಯೆಂದರೂ ಏಳೂವರೆ ಚದರಡಿ ಬೇಕೆಂದು ಬಲ್ಲವರು ಹೇಳುತ್ತಾರೆ. ತಾವು ಕೊಟ್ಟ ಪಂಜರ ಅದರ ಕಾಲು ಭಾಗವೂ ಇಲ್ಲ, ತಳಕ್ಕೆ ಬೇರೆ ತಂತಿಜಾಲರಿ. ಗೂಡಿನಿಂದ ಆಚೆ ದಿನಕ್ಕೊಂದು ಗಂಟೆಯಾದರೂ ಓಡಾಟ ಇರಲೇಬೇಕು. ಹಾಗಾಗಿ ನಮ್ಮ ಹಾಲಿನಲ್ಲಿ ಟೀಪಾಯಿ ಇದ್ದ ಜಾಗ, ನಾಲ್ಕಡಿಗೆ ಆರಡಿ, ಈಗ ಅವುಗಳ ಹೆಸರಿಗೆ ಖಾತೆಯಾಗಿದೆ. ಬಂದ ನೆಂಟರು ಕಾಫಿ ಲೋಟವನ್ನು ಕೈಯಲ್ಲೇ ಹಿಡಿದು ಕೂರುತ್ತಾರೆ.

ನೆಲ ವಿಟ್ರಿಫೈಡ್ ಟೈಲ್ಸ್‌ನದು, ಮುಖ ಕಾಣುವಷ್ಟು ನುಣುಪು. ಗಿನಿಪಿಗ್‌ನ ಅಂಗಾಲಿಗೆ ರೋಮವಿಲ್ಲ. ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಮೂರು ಬೆರಳು. ಟೈಲ್ಸ್ ಮೇಲೆ ಬಿಟ್ಟರೆ ಕಾಲುಗಳು ದಿಕ್ಕಿಗೊಂದು ಜಾರುತ್ತವೆ. ಅದಕ್ಕೆ ಮಡಿಸಿದ ಹಳೆಯ ಬೆಡ್‌ಶೀಟು, ಮೇಲೆ ಚಳಿಗಾಲದಲ್ಲಿ ರಸ್ತೆಬದಿ ಮಾರುವ ಫ್ಲೀಸ್ ಹೊದಿಕೆ ಹಾಸಿದ್ದೇವೆ. ಟರ್ಕಿ ಟವೆಲ್ ಆಗದು, ಅದರ ನೂಲಿನ ಕುಣಿಕೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಜಮಖಾನ ಹಾಸೋಣವೆಂದರೆ ಅಂಚಿನ ಕುಚ್ಚು ಹೊಟ್ಟೆ ಸೇರುತ್ತದೆ. ಆ ಜಾಗಕ್ಕೆ ಫಿನಾಯಿಲ್ ಕೂಡ ಬಂದ್. ನೀರಿಗೆ ಒಂದಿಷ್ಟು ವಿನೆಗರ್ ಬೆರೆಸಿ ಒರೆಸುತ್ತೇವೆ. ನಮ್ಮತ್ತೆಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. "ಫಿನಾಯಿಲ್ ವಾಸನೆ ಇಲ್ದೆ ಮನೆ ಒರೆಸಿದ ಹಾಗೇ ಅಲ್ಲ ಕಣಪ್ಪಾ" ಎನ್ನುತ್ತಾರೆ.

ತಡೆಗೋಡೆಗೆ ತಾವು ತೋರಿಸಿದ ಇಂಪೋರ್ಟೆಡ್ ಪ್ಲೇಪೆನ್ ಕೊಳ್ಳಲಿಲ್ಲ. ಗಿನಿಪಿಗ್ ಮೊಲದ ಹಾಗೆ ನೆಗೆಯುವುದಿಲ್ಲ, ಇಲಿಯ ಹಾಗೆ ಹತ್ತುವುದಿಲ್ಲ. ಒಂದೂವರೆ ಅಡಿ ಎತ್ತರ ಧಾರಾಳ. ಪ್ರಚಾರದ ಬೋರ್ಡಿಗೆ ಬಳಸುತ್ತಾರಲ್ಲ, ಆ ಸನ್‌ಪ್ಯಾಕ್ ಶೀಟು ಸಾಕು. ನಮಗೆ ಸಿಕ್ಕಿದ್ದು ಚುನಾವಣೆಯಲ್ಲಿ ಸೋತವರೊಬ್ಬರದು. ಕೈಮುಗಿದ ಮುಖ ಹೊರಗೆ ಬರುವಂತೆ ನಿಲ್ಲಿಸಿದ್ದೇವೆ. ಅವರಿಗೂ ಅಂತೂ ಒಂದು ಕ್ಷೇತ್ರ ಸಿಕ್ಕಿತು.

ಇಷ್ಟಾದರೂ ಅಪಾಯಗಳ ಪಟ್ಟಿ ಮುಗಿಯಲಿಲ್ಲ. ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುವ ಪ್ರಾಣಿಗೆ ಚಾರ್ಜರ್ ವೈರೂ ಒಂದೇ, ಹುಲ್ಲಿನ ದಂಟೂ ಒಂದೇ. ಆದ್ದರಿಂದ ವೈರುಗಳೆಲ್ಲ ಮೇಲೆ ಹೋದವು, ಮನಿಪ್ಲಾಂಟ್ ಅಟ್ಟ ಹತ್ತಿತು, ಇಲಿಗಿಟ್ಟ ಅಂಟಿನ ಹಲಗೆ ಮನೆಯಿಂದಲೇ ಆಚೆ ಹೋಯಿತು. ಸೋಫಾ ಕೆಳಗಿನ ಸಂದಿಗೆ ಹಳೆಯ ವಿಶ್ವಕೋಶದ ಸಂಪುಟಗಳನ್ನು ಒಡ್ಡಿದ್ದೇವೆ. ಕೊಂಡಮೇಲೆ ಅವು ಮೊದಲ ಸಲ ಕೆಲಸಕ್ಕೆ ಬಂದವು. ಬಾಲ್ಕನಿಯಲ್ಲಿ ಬಿಡೋಣವೆಂದರೆ ಮೇಲೆ ಹದ್ದು, ಕಾಗೆ, ಏಪ್ರಿಲ್‌ನ ಬಿಸಿಲು. ಚಳಿಬೆಟ್ಟದ ಪ್ರಾಣಿ, ಸೆಕೆ 27–28 ಡಿಗ್ರಿ ದಾಟಿತೆಂದರೆ ಏದುಸಿರು ಬಿಡುತ್ತದೆ.

ಇಷ್ಟೆಲ್ಲ ಸಿದ್ಧಮಾಡಿ ಬಿಟ್ಟ ಮೊದಲ ಸಂಜೆ ಅವೆರಡೂ ಏನು ಮಾಡಿದವು ಗೊತ್ತೇ ಅಣ್ಣ? ಏನೂ ಇಲ್ಲ. ಮೂಲೆಯಲ್ಲಿ ಒಂದರ ಬೆನ್ನಿಗೊಂದು ಒತ್ತಿಕೊಂಡು, ಮೀಸೆಯೂ ಅಲುಗದಂತೆ ಕೂತವು. ತಾವಾಗಿದ್ದರೆ "ನೋಡಿ ಸಾರ್, ಚೆಂಡೇ ಬೇಕಿತ್ತು" ಎನ್ನುತ್ತಿದ್ದಿರಿ. ಇವುಗಳ ಕಾಡುಸಂಬಂಧಿಗಳು ಎತ್ತರದ ಹುಲ್ಲಿನೊಳಗೆ ಓಣಿ ಕೊರೆದುಕೊಂಡು, ಮರೆಯಿಂದ ಮರೆಗೆ ಓಡುವ ಜೀವಗಳು. ತೆರೆದ ಬಯಲೆಂದರೆ ತಲೆಯ ಮೇಲೆ ಗಿಡುಗ. ನಮ್ಮ ಫ್ಯಾನಿನ ನೆರಳೂ ಅವಕ್ಕೆ ಗಿಡುಗವೇ. ಹಾಗಾಗಿ ಕಿರಾಣಿ ಅಂಗಡಿಯಿಂದ ರಟ್ಟಿನ ಪೆಟ್ಟಿಗೆ ತಂದು, ಪಿನ್ನು, ಟೇಪು ಕಿತ್ತು, ಗೋಡೆಯುದ್ದಕ್ಕೂ ಬೋರಲು ಹಾಕಿದೆವು. ಒಂದೊಂದಕ್ಕೂ ಎರಡೆರಡು ಬಾಗಿಲು, ಒಂದರಲ್ಲಿ ಜಗಳಗಂಟಿ ನಿಂತರೆ ಇನ್ನೊಂದರಿಂದ ಹೊರಬೀಳಲು. ದೊಣ್ಣೆಮೆಣಸಿನಕಾಯಿಯ ಚೂರುಗಳನ್ನು ದೂರದೂರಕ್ಕೆ ಇಟ್ಟೆವು. ನಮ್ಮ ಹಾಗೆಯೇ ಅವುಗಳ ಮೈಯೂ ಸಿ ವಿಟಮಿನ್ ತಯಾರಿಸಿಕೊಳ್ಳದು, ತಿಂದೇ ಪಡೆಯಬೇಕು, ತಿನ್ನಬೇಕೆಂದರೆ ನಡೆಯಬೇಕು.

ಆಮೇಲೆ ಶುರುವಾಯಿತು. ಮೊದಲು ಮೂಗು, ಆಮೇಲೆ ಒಂದು ಕಿವಿ, ಆಮೇಲೆ ಸರ್ರನೆ ಮುಂದಿನ ಪೆಟ್ಟಿಗೆಗೆ. ಮುಂದಿನದರ ಬಾಲವಿಲ್ಲದ ಹಿಂಬದಿಗೆ ಮೂಗು ತಾಗಿಸಿಕೊಂಡೇ ಹಿಂದಿನದು. ಗೋಡೆ ಬದಿಗೆ ನಾಲ್ಕು ಸುತ್ತು ಹಾಕಿ, ಇದ್ದಕ್ಕಿದ್ದಂತೆ ಕಂದು ಬಣ್ಣದ್ದು ನಿಂತಲ್ಲೇ ನಾಲ್ಕೂ ಕಾಲು ನೆಲ ಬಿಟ್ಟು, ಬಾಣಲೆಯಲ್ಲಿ ಜೋಳದ ಅರಳು ಸಿಡಿದ ಹಾಗೆ ಗಾಳಿಯಲ್ಲೇ ಸೊಂಟ ತಿರುಗಿಸಿ ಬಿತ್ತು. ಮತ್ತೆ ಸಿಡಿಯಿತು. ಇದು ಸಂತೋಷ ಹೆಚ್ಚಾದಾಗ ಮಾಡುವ ಕುಣಿತ. ತಮ್ಮ ಚೆಂಡಿನ ಒಳವ್ಯಾಸ ಅಳೆದು ನೋಡಿದೆ, ಅದರಲ್ಲಿ ಈ ಕುಣಿತಕ್ಕೆ ಜಾಗವಿಲ್ಲ. ಈರುಳ್ಳಿ ಕುಣಿಯುವುದಿಲ್ಲವಾದ್ದರಿಂದ ತೊಂದರೆಯಿಲ್ಲ.

ಅಂದು ತಮ್ಮ ಅಂಗಡಿಯಲ್ಲಿ ನನ್ನ ಹಿಂದೆ ನಿಂತಿದ್ದ ಹುಡುಗನಿಗೆ "ಒಂದೇ ಸಾಕು ಪುಟ್ಟಾ, ಚಕ್ರ ಇದ್ರೆ ಅದಕ್ಕೆ ಬೇಜಾರಾಗಲ್ಲ" ಎಂದಿರಿ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಒಂಟಿ ಗಿನಿಪಿಗ್ ಸಾಕುವುದು ಕಾನೂನಿಗೇ ವಿರುದ್ಧ; ಜೊತೆಗಾರ ಇರಲೇಬೇಕು. ಅಲ್ಲಿ ತಾವು ಅಂಗಡಿ ತೆರೆದಿದ್ದರೆ ಆ ಹುಡುಗನಿಗೆ ಎರಡು ಮಾರಬಹುದಿತ್ತು. ತಮ್ಮ ವ್ಯಾಪಾರಕ್ಕೂ ಅದೇ ಲಾಭ, ಪಾಪ, ತಮಗೆ ಹೊಳೆಯಲಿಲ್ಲ.

ಹಿಕ್ಕೆಯ ವಿಷಯ ತಾವು ಹೇಳಿರಲಿಲ್ಲ. ದಿನಕ್ಕೆ ಒಂದೊಂದೂ ನೂರಕ್ಕೂ ಮೀರಿ ಹಾಕುತ್ತದೆ. ತಿನ್ನುತ್ತಲೇ ಹಾಕುವ ಅಭ್ಯಾಸವಾದ್ದರಿಂದ ಹುಲ್ಲನ್ನು ಮೂಲೆಯ ಅಗಲ ಟ್ರೇಯಲ್ಲಿಟ್ಟರೆ ಬಹುಪಾಲು ಅಲ್ಲೇ ಬೀಳುತ್ತದೆ. ಉಳಿದದ್ದಕ್ಕೆ ಮೊರ, ಪೊರಕೆ.

ಇನ್ನು ಈ ಪತ್ರ ಬರೆದ ನಿಜವಾದ ಕಾರಣ. ಇವುಗಳ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು. ಹಲ್ಲು ಸವೆಯುವುದೂ ಅದರಿಂದಲೇ. ತಮ್ಮ ಅಂಗಡಿಯಲ್ಲಿ ಚಕ್ರ ಮೂರು ಬಣ್ಣದಲ್ಲಿದೆ, ಚೆಂಡು ಎರಡು ಸೈಜಿನಲ್ಲಿದೆ, ಕುತ್ತಿಗೆಗೆ ಕಟ್ಟುವ ಗೆಜ್ಜೆಬೆಲ್ಟೂ ಇದೆ, ಹುಲ್ಲಿಲ್ಲ. ನಾನು ಹೂವಿನವಳ ಹತ್ತಿರ ಗರಿಕೆ ಕಟ್ಟು ಕೊಂಡು, ತೊಳೆದು ಹಾಕುತ್ತಿದ್ದೇನೆ. ಸಂಕಷ್ಟಿ ಬಂದರೆ ಆಕೆ ರೇಟು ಏರಿಸುತ್ತಾಳೆ. ಗಣಪತಿಯ ಜೊತೆ ಪೈಪೋಟಿಗೆ ನಿಲ್ಲಲು ನನ್ನ ಕೈಲಾಗದು. ದಯವಿಟ್ಟು ಒಳ್ಳೆಯ ಒಣ ತಿಮೋತಿ ಹುಲ್ಲು ತರಿಸಿಡಿ. ಚಕ್ರಗಳು ನೇತಾಡುವ ಗೋಡೆ ತೆರವು ಮಾಡಿದರೆ ನಾಲ್ಕು ಮೂಟೆಗೆ ಜಾಗವಾಗುತ್ತದೆ. ತಿಂಗಳಿಗೊಮ್ಮೆ ಬಂದು ಒಯ್ಯುತ್ತೇನೆ, ಚೌಕಾಸಿ ಮಾಡುವುದಿಲ್ಲ.

ಇತಿ ತಮ್ಮ ವಿಧೇಯ,
ಈರುಳ್ಳಿ ಚೆಂಡಿನ ಗಿರಾಕಿ